ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಮಿಲಿಟ್ರಿ ಫೋಟೋ: ಇವರು ಯಾರು, ಎಲ್ಲಿ ತೆಗೆದದ್ದು?

ಕಾಪು ಕಡಲು

ಎಲ್ಲರಿಗೂ ನಮಸ್ಕಾರ. ಕಾಪು ಹತ್ತಿರ ನಮ್ಮ ಅಮ್ಮನ ಕುಟುಂಬದ ಮನೆ ಉಂಟು. ಮಳೆಗಾಲಕ್ಕೆ ಮೊದಲು ಹಂಚು ಸರಿಮಾಡಿಸುವಾಗ ಅಟ್ಟದಲ್ಲಿದ್ದ ತಗಡಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಿದೆವು. ಒಳಗೆ ಹಳೇ ಗೇಣಿ ಚೀಟಿಗಳು, ಒಂದು ಪಂಚಾಂಗ, ಬಟ್ಟೆಯಲ್ಲಿ ಸುತ್ತಿಟ್ಟ ಈ ಫೋಟೋ.

ಮೂವರಿದ್ದಾರೆ. ನಡುವೆ ಕುರ್ಚಿಯಲ್ಲಿ ಕುಳಿತವರ ತೋಳಿನಲ್ಲಿ ಮೂರು ಪಟ್ಟಿ. ನಮಗೆ ಕಾಣುವ ಹಾಗೆ ಬಲಕ್ಕೆ ನಿಂತವರಿಗೆ ಎರಡು ಪಟ್ಟಿ, ಎಡಕ್ಕೆ ನಿಂತವರಿಗೆ ಏನೂ ಇಲ್ಲ. ತೋಳು ಮಡಚಿದ ಶರ್ಟು, ಅಗಲವಾದ ಚಡ್ಡಿ, ಉದ್ದ ಕಾಲುಚೀಲ. ಟೋಪಿ ತಲೆಯ ಒಂದು ಬದಿಗೆ ವಾಲಿದೆ. ಹಿಂದೆ ಸ್ಟುಡಿಯೋದ ಪರದೆ, ಅದರಲ್ಲಿ ಕಂಬ, ಮೆಟ್ಟಿಲು, ಒಂದು ಖರ್ಜೂರದ ಮರ.

ಇದು ನಮ್ಮ ಅಜ್ಜ, ಅಂದರೆ ಅಮ್ಮನ ಅಪ್ಪ, ಬರ್ಮಾ ಯುದ್ಧದ ಕಾಲದಲ್ಲಿ ತೆಗೆಸಿದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕುಳಿತವರೇ ಅಜ್ಜ ಅಂತೆ. ನಾನು ಹುಟ್ಟುವ ಮೊದಲೇ ಅಜ್ಜ ತೀರಿಹೋದರು. ಈ ವರ್ಷದ ತಂಬಿಲಕ್ಕೆ, ಅಂದರೆ ಮನೆಯ ದೈವಗಳ ಪೂಜೆಗೆ, ಕುಟುಂಬದವರೆಲ್ಲ ಸೇರುತ್ತಾರೆ. ಅಷ್ಟರೊಳಗೆ ಫ್ರೇಮ್ ಹಾಕಿಸಿ, ಕೆಳಗೆ ಹೆಸರು, ಊರು, ವರ್ಷ ಬರೆಸಬೇಕು ಅಂತ ನನ್ನ ಆಸೆ. ಬರೆಸಿದ ಮೇಲೆ ಅದೇ ಮುಂದಿನವರಿಗೆ ಸತ್ಯ ಆಗುತ್ತದೆ, ಅಲ್ವಾ? ಅದಕ್ಕೇ ಸರಿಯಾಗಿ ತಿಳಿದುಕೊಂಡು ಬರೆಸಬೇಕು. ದಯವಿಟ್ಟು ಸಹಾಯ ಮಾಡಿ.

ಮೂಡಬಿದಿರೆ ಸುಬೇದಾರ್

ಮೇಡಂ, ಮುಖ ನೋಡುವ ಮೊದಲು ಭುಜ ನೋಡಿ.

ಮೂರು ಪಟ್ಟಿ ಅಂದರೆ ಹವಾಲ್ದಾರ್. ಎರಡು ಇದ್ದರೆ ನಾಯಕ್, ಒಂದಿದ್ದರೆ ಲ್ಯಾನ್ಸ್ ನಾಯಕ್. ನಾನು ಸೈನ್ಯದಲ್ಲಿದ್ದಾಗಲೂ ಇದೇ ಲೆಕ್ಕ. ಆದರೆ ಪಟ್ಟಿಯಿಂದ ದರ್ಜೆ ಮಾತ್ರ ಗೊತ್ತಾಗುತ್ತದೆ, ಪಲ್ಟನ್ ಗೊತ್ತಾಗುವುದಿಲ್ಲ. ಶರ್ಟಿನ ಭುಜದ ಪಟ್ಟಿಯ ತುದಿಯಲ್ಲಿ, ತೋಳಿನ ಹತ್ತಿರ, ಹಿತ್ತಾಳೆ ಅಕ್ಷರಗಳಿರುತ್ತವೆ. ಅದು ಓದಲು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಮಾತು. ನಮ್ಮ ಊರಿನವರು ಅಂದ ಕೂಡಲೇ ಮದ್ರಾಸ್ ರೆಜಿಮೆಂಟ್ ಅಂತ ತೀರ್ಮಾನಿಸಬೇಡಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಮದ್ರಾಸಿನ ಕಾಲಾಳು ಪಲ್ಟನ್‌ಗಳನ್ನು ಒಂದೊಂದಾಗಿ ಮುಚ್ಚಿದರು. ಎರಡನೇ ಯುದ್ಧಕ್ಕೆ ಜನ ಬೇಕಾದಾಗ ಮತ್ತೆ ಕಟ್ಟಿದರು. ಆ ಕಾಲದಲ್ಲಿ ಓದು ಬರಹ ಬಲ್ಲ ನಮ್ಮ ಕಡೆಯ ಹುಡುಗರಿಗೆ ಬೇರೆ ದಾರಿಗಳೂ ಇದ್ದವು. ಗುಮಾಸ್ತ, ಡ್ರೈವರ್, ಆಸ್ಪತ್ರೆ, ಸ್ಟೋರ್ಸ್, ಸಿಗ್ನಲ್ಸ್. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆ, ಅಂತೂ ಇದ್ದೇ ಇತ್ತು.

ಟೋಪಿಯ ಬ್ಯಾಡ್ಜ್ ಕೂಡ ನೋಡಿ. ಮೇಲೆ ಕಿರೀಟ ಇದ್ದರೆ 1950ರ ಜನವರಿ 26ಕ್ಕಿಂತ ಹಿಂದಿನದು. ಗಣರಾಜ್ಯ ಆದ ಮೇಲೆ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹ ಬಂತು.

ಸಾಸ್ತಾನ

ಮಿಲಿಟ್ರಿಯೇ ಅಂತ ಖಚಿತವಾ? ಮಲಬಾರ್ ಸ್ಪೆಷಲ್ ಪೊಲೀಸ್ ಕೂಡ ಆಗಿರಬಹುದು. 1921ರ ಮಾಪಿಳ್ಳೆ ದಂಗೆ ಆದ ಮೇಲೆ ಮಲಪ್ಪುರದಲ್ಲಿ ಗಟ್ಟಿಯಾಗಿ ಕಟ್ಟಿದ ಪಡೆ ಅದು. ಆಗ ನಮ್ಮದೂ ಮಲಬಾರೂ ಒಂದೇ ಮದ್ರಾಸ್ ಪ್ರಾಂತ್ಯ. ಖಾಕಿ ಚಡ್ಡಿ ಅವರಿಗೂ ಇತ್ತು.

ಹಂಪನಕಟ್ಟೆ ಡಾರ್ಕ್‌ರೂಮ್

ನನ್ನ ತಂದೆ ಮಂಗಳೂರಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ನಾನು ಬೆಳೆದದ್ದೇ ಕೆಂಪು ದೀಪದ ಕೋಣೆಯಲ್ಲಿ. ಹಾಗಾಗಿ ಸಮವಸ್ತ್ರ ಬಿಟ್ಟು ಫೋಟೋ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ ಅಕ್ಕ.

ಮೊದಲು ಒಂದು ಎಚ್ಚರಿಕೆ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಕಾಗದದ ಮೇಲೆ ಚಿತ್ರ ನಿಂತಿರುವುದು ಜೆಲಟಿನ್ ಪದರದಲ್ಲಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಎಳೆದರೆ ಮುಖ ಗಾಜಿನಲ್ಲಿ ಉಳಿಯುತ್ತದೆ, ಕಾಗದ ಕೈಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂಟಿದ್ದರೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ನಿಮ್ಮದು ಬಟ್ಟೆಯಲ್ಲಿ ಸುತ್ತಿತ್ತು ಅಂದಿರಿ, ಬಚಾವಾಯಿತು.

ಈಗ ಫೋಟೋ ಕೈಯಲ್ಲಿ ಹಿಡಿದು ಓರೆ ಮಾಡಿ. ಕಪ್ಪು ಭಾಗದ ಅಂಚಿನಲ್ಲಿ ಬೆಳ್ಳಿಯ ಹೊಳಪು ಕಾಣುತ್ತದಾ? ಕಂಡರೆ ಅದು ಕೊಳೆ ಅಲ್ಲ, ಒರೆಸಬೇಡಿ. ಒಳಗಿನ ಬೆಳ್ಳಿಯೇ ವರ್ಷಗಟ್ಟಲೆ ತೇವ ಗಾಳಿ ತಾಗಿ ಮೇಲೆ ಬರುವುದು. ಅದು ಹಳೆಯ ಮೂಲ ಪ್ರತಿ ಎನ್ನುವುದಕ್ಕೆ ಒಳ್ಳೆಯ ಗುರುತು. ಆಮೇಲೆ ಯಾರೋ ಕಾಪಿ ಮಾಡಿಸಿದ್ದಾದರೆ ಸಾಮಾನ್ಯವಾಗಿ ಚಿತ್ರ ಮಸುಕಾಗಿರುತ್ತದೆ, ಬಿಳಿ ಕಪ್ಪು ಎರಡೂ ಬೂದಿ ಬಣ್ಣಕ್ಕೆ ಬಂದಿರುತ್ತವೆ.

ಭುಜದ ಅಕ್ಷರ ಓದಲು ಒಂದು ಉಪಾಯ. ಕೋಣೆ ಕತ್ತಲು ಮಾಡಿ. ಫೋಟೋ ಮೇಜಿನ ಮೇಲಿಟ್ಟು, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟದಲ್ಲೇ ಒಂದು ಪಕ್ಕದಿಂದ ಹಿಡಿಯಿರಿ. ಕಾಗದದ ಮೇಲೆ ಪೆನ್ಸಿಲ್ ಒತ್ತಿದ ಗುರುತು, ಸೀಲಿನ ಅಚ್ಚು ಎಲ್ಲ ಎದ್ದು ಕಾಣುತ್ತವೆ. ಆಮೇಲೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. 300ರಲ್ಲಿ ಮಾಡಿದರೆ ಭುಜದ ಹಿತ್ತಾಳೆ ಬರೀ ಒಂದು ಬಿಳಿ ಚುಕ್ಕೆ.

ಎಲ್ಲಕ್ಕಿಂತ ಮುಖ್ಯ, ಹಿಂಬದಿ. ಹಿಂಬದಿಯ ಚಿತ್ರ ನೀವು ಹಾಕಿಯೇ ಇಲ್ಲ! ಅಲ್ಲಿ ಪೋಸ್ಟ್‌ಕಾರ್ಡಿನ ಗೆರೆ ಉಂಟಾ, ಕಾಗದದ ಕಂಪನಿಯ ಹೆಸರು ಉಂಟಾ, ಸ್ಟುಡಿಯೋದ ಮುದ್ರೆ ಉಂಟಾ? ಮುಖದ ಕಡೆ ಜನ ಅಲಂಕಾರ ಮಾಡಿಕೊಂಡು ನಿಂತಿರುತ್ತಾರೆ. ಹಿಂಬದಿಗೆ ಯಾರೂ ಅಲಂಕಾರ ಮಾಡುವುದಿಲ್ಲ.

ಕಾಪು ಕಡಲು

ಹಿಂಬದಿ ಹಾಕಿದ್ದೇನೆ ನೋಡಿ. ಪೋಸ್ಟ್‌ಕಾರ್ಡಿನ ಹಾಗೆ ನಡುವೆ ಒಂದು ಗೆರೆ ಉಂಟು. ಕೆಳಗೆ ನೇರಳೆ ಶಾಯಿಯ ಮುದ್ರೆ, ಅರಬಿ ಅಕ್ಷರಗಳು, ಅರ್ಧ ಅಳಿಸಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿದ ಹಾಗೆ ಉಂಟು. ಮಕ್ಕಳು ಗೀಚಿದ್ದು ಅಂತ ಅಮ್ಮ ಹೇಳಿದರು.

ಟಾರ್ಚ್ ಹಿಡಿದು, ಸ್ಕ್ಯಾನ್ ಕೂಡ ಮಾಡಿಸಿದೆ. ಬಲಕ್ಕೆ ನಿಂತವರ ಭುಜದಲ್ಲಿ ಇಂಗ್ಲಿಷ್ ಅಕ್ಷರ ಐದು ಇರುವ ಹಾಗೆ ಕಾಣುತ್ತದೆ. ಮೊದಲನೆಯದು ಆರ್, ನಡುವೆ ಎ, ಕೊನೆಯದು ಸಿ. ಉಳಿದದ್ದು ಹೊಳಪಿನಲ್ಲಿ ಹೋಗಿದೆ.

ಮೂಡಬಿದಿರೆ ಸುಬೇದಾರ್

ಆರ್.ಐ.ಎ.ಎಸ್.ಸಿ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸೈನ್ಯಕ್ಕೆ ಆಹಾರ, ಸಾಮಾನು, ಸಾಗಾಟ ನೋಡಿಕೊಳ್ಳುವ ವಿಭಾಗ. ನನಗೆ ಈಗ ತುಂಬಾ ಖುಷಿಯಾಯಿತು ಮೇಡಂ, ಯಾಕಂದರೆ ನಾನೂ ಅದೇ ಕೋರ್‌ನವನು. ನಾವು ಸೇರುವಾಗ ಬರೀ ಎಎಸ್‌ಸಿ.

ಇದರಿಂದ ಕಾಲವೂ ಸಿಗುತ್ತದೆ. ಈ ಕೋರ್‌ಗೆ ರಾಯಲ್ ಅನ್ನುವುದು ಸೇರಿದ್ದು 1935ರಲ್ಲಿ. ಗಣರಾಜ್ಯ ಆದಾಗ ತೆಗೆದರು. ಹಾಗಾದರೆ ಫೋಟೋ 1935ರಿಂದ 1950ರ ಒಳಗಿನದು. ಮೊದಲ ಮಹಾಯುದ್ಧದ್ದು ಅಲ್ಲವೇ ಅಲ್ಲ. ಸಾಸ್ತಾನದವರ ಪೊಲೀಸ್ ಅನುಮಾನವೂ ಇಲ್ಲಿಗೆ ಮುಗಿಯಿತು.

ಕುದ್ರೋಳಿ

ಅಕ್ಕ, ನಾನು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಅರಬಿ ಓದಿದವನು, ಆಮೇಲೆ ದಮ್ಮಾಮ್‌ನಲ್ಲಿ ಕೆಲಸ ಮಾಡಿದವನು. ಮುದ್ರೆಯ ಮೇಲಿನ ಸಾಲು ಅಳಿಸಿದೆ. ಕೆಳಗಿನ ಸಾಲು ಚೆನ್ನಾಗಿಯೇ ಉಂಟು. ‘ಅಲ್ ಬಸ್ರಾ’ ಅಂತ. ಇರಾಕಿನ ಬಸ್ರಾ.

ಪೆನ್ಸಿಲಿನಲ್ಲಿ ಇರುವುದು ಮಕ್ಕಳ ಗೀಚು ಅಲ್ಲ. ಅದು ಅರಬಿ ಅಂಕಿ. ಎಡದಿಂದ ಓದಿ. ಮೊದಲು ನೆಟ್ಟಗೆ ಒಂದು ಗೀಟು, ಅದು ಒಂದು. ಆಮೇಲಿನದು ಇಂಗ್ಲಿಷ್ ಒಂಬತ್ತರ ಹಾಗೆಯೇ, ಅದು ಒಂಬತ್ತೇ. ಮೂರನೆಯದು 3ನ್ನು ಹಿಂದುಮುಂದು ಮಾಡಿದ ಹಾಗೆ ಕಾಣುತ್ತದೆ, ಆದರೆ ಅದು ನಾಲ್ಕು. ಕೊನೆಯದು ಮೇಲೆ ಹಲ್ಲುಗಳಿರುವ ಗೀಟು, ಅದು ಮೂರು. 1943. ಸ್ಟುಡಿಯೋದವನೇ ಬರೆದಿರಬೇಕು.

ಹಂಪನಕಟ್ಟೆ ಡಾರ್ಕ್‌ರೂಮ್

ಎಷ್ಟು ಚೆಂದ ಓದಿದಿರಿ ಮಾರಾಯ್ರೆ! ಆರ್ಡರ್ ಬಂದ ಪ್ರತಿಗಳ ಹಿಂದೆ ನಂಬರು, ವರ್ಷ ಹಾಕುವುದು ನಮ್ಮ ತಂದೆಯ ರೂಢಿಯೂ ಆಗಿತ್ತು. ಅಕ್ಕ, ಆ ಪೆನ್ಸಿಲ್ ಗುರುತನ್ನು ಯಾರೂ ರಬ್ಬರಿನಲ್ಲಿ ಉಜ್ಜದ ಹಾಗೆ ನೋಡಿಕೊಳ್ಳಿ.

ಬಲ್ಮಠ

ಖಾಕಿ ವಿಷಯ ಬಂದಾಗ ಮಂಗಳೂರಿನವರು ಒಂದು ಮಾತು ಹೇಳಲೇಬೇಕು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಹಾಲರ್ ಇದೇ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಖಾಕಿ ಬಣ್ಣ ಕಂಡುಹಿಡಿದರು, ಅದೇ ಸೈನ್ಯಕ್ಕೆ ಹೋಯಿತು ಅಂತ ನಾವೆಲ್ಲ ಕೇಳಿ ಬೆಳೆದವರು. ಬಸ್ರಾದಲ್ಲಿ ನಿಂತ ನಮ್ಮ ಊರಿನವರ ಮೈಮೇಲೆ ನಮ್ಮ ಊರಿನ ಬಣ್ಣ!

ಮೂಡಬಿದಿರೆ ಸುಬೇದಾರ್

ಹಾಲರ್ ಮತ್ತು ಮಂಗಳೂರಿನ ನೇಯ್ಗೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಪೇಶಾವರದ ಕಡೆಯ ಗೈಡ್ಸ್ ಪಲ್ಟನ್ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕಿತ್ತು. ಎರಡೂ ಇರಲಿ. ಈ ಫೋಟೋದ ಗುರುತಿಗೆ ಬಣ್ಣದಿಂದ ಪ್ರಯೋಜನ ಇಲ್ಲ.

ಪಡುಬಿದ್ರಿ ಸರ್ಫ್

ನಾನು ಫೋಟೋವನ್ನು ಒಂದು ಎಐ ಆ್ಯಪ್‌ಗೆ ಹಾಕಿ ಬಣ್ಣ ತುಂಬಿಸಿದೆ. ಮುಖ ಸೂಪರ್ ಬಂದಿದೆ. ಟೋಪಿಯ ಬ್ಯಾಡ್ಜ್ ಕೂಡ ಈಗ ಸ್ಪಷ್ಟ, ಸಿಂಹ ಕಾಣುತ್ತದೆ ನೋಡಿ.

ಹಂಪನಕಟ್ಟೆ ಡಾರ್ಕ್‌ರೂಮ್

ತಮ್ಮಾ, ನಿಮ್ಮ ಪ್ರೀತಿಗೆ ಥ್ಯಾಂಕ್ಸ್. ಆದರೆ ಈ ಚಿತ್ರವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಡಿ. ಮೂಲದಲ್ಲಿ ಇಲ್ಲದ್ದನ್ನು ಆ್ಯಪ್ ತಾನೇ ಊಹಿಸಿ ತುಂಬಿಸುತ್ತದೆ. 1943ರಲ್ಲಿ ಟೋಪಿಗೆ ಅಶೋಕ ಸಿಂಹ ಬರಲು ಸಾಧ್ಯವೇ ಇಲ್ಲ. ಹಾಗೆಯೇ ಮೂಗು, ಕಿವಿ, ಹುಬ್ಬು ಕೂಡ ಅದರದ್ದೇ ಊಹೆ. ಇದನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸಿದರೆ ಎರಡು ತಿಂಗಳಲ್ಲಿ ಮೂಲ ಯಾವುದು ಅಂತಲೇ ಯಾರಿಗೂ ನೆನಪಿರುವುದಿಲ್ಲ. ಮೂಲ ಸ್ಕ್ಯಾನ್ ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಡಿ.

ಕೋಟೇಶ್ವರ

ನನಗೊಂದು ಸಂಶಯ. ನಮ್ಮವರು ಬಸ್ರಾದಲ್ಲಿ ಎಂತ ಮಾಡುತ್ತಿದ್ದರು? ಯುದ್ಧ ಅಂದರೆ ನಾವು ಕೇಳಿದ್ದು ಬರ್ಮಾ, ಸಿಂಗಾಪುರ. ಅಲ್ಲದೆ ಎದೆ ಮೇಲೆ ಒಂದು ಮೆಡಲ್ ಪಟ್ಟಿಯೂ ಇಲ್ಲ.

ಮೂಡಬಿದಿರೆ ಸುಬೇದಾರ್

ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದರೆ ಈ ಜನರ ಕಥೆ ನಮ್ಮ ಕಡೆ ಯಾರೂ ಹೇಳುವುದಿಲ್ಲ.

1941ರ ಏಪ್ರಿಲ್‌ನಲ್ಲಿ ಇರಾಕಿನಲ್ಲಿ ಬ್ರಿಟಿಷರ ವಿರುದ್ಧದ ಸರ್ಕಾರ ಬಂತು. ಎಣ್ಣೆ ಕೈತಪ್ಪುತ್ತದೆ ಅಂತ ಭಾರತದಿಂದ ಪಡೆ ಕಳಿಸಿದರು. ಅವರು ಹಡಗಿನಿಂದ ಇಳಿದದ್ದೇ ಬಸ್ರಾದಲ್ಲಿ. ಮೇ ತಿಂಗಳಲ್ಲಿ ಅಲ್ಲಿಯ ಯುದ್ಧ ಮುಗಿಯಿತು. ಆಗಸ್ಟಿನಲ್ಲಿ ಬ್ರಿಟಿಷರು ದಕ್ಷಿಣದಿಂದ, ರಷ್ಯನ್ನರು ಉತ್ತರದಿಂದ ಇರಾನಿಗೆ ನುಗ್ಗಿದರು. ಅಲ್ಲಿಂದ ಪರ್ಷಿಯಾ ದಾರಿ ತೆರೆಯಿತು. ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ರಷ್ಯಾಕ್ಕೆ ಲಾರಿ, ಟೈರು, ಮದ್ದುಗುಂಡು, ಆಹಾರ ಎಲ್ಲ ಈ ದಾರಿಯಲ್ಲೂ ಹೋಯಿತು. ಮರುಭೂಮಿಯ ಬಿಸಿಲು, ಇರಾನಿನ ಬೆಟ್ಟಗಳ ಹಿಮ, ಎರಡನ್ನೂ ದಾಟಬೇಕು. ಆ ಲಾರಿಗಳಲ್ಲಿ ಎಷ್ಟನ್ನೋ ಓಡಿಸಿದವರು ಈ ಕೋರ್‌ನ ಭಾರತೀಯ ಡ್ರೈವರುಗಳು. ಲೆಕ್ಕ ಬರೆದವರು ಭಾರತೀಯ ಗುಮಾಸ್ತರು. ನಮ್ಮ ಕೋರ್‌ನ ಇಬ್ಬರಿಗೆ, ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ, ಸೋವಿಯತ್ ಸರ್ಕಾರ ಆರ್ಡರ್ ಆಫ್ ದಿ ರೆಡ್ ಸ್ಟಾರ್ ಕೊಟ್ಟಿತು. ನಾರಾಯಣ ರಾವ್ ಅವರು ಇಂದಿನ ತಮಿಳುನಾಡಿನವರು. ಅಂದರೆ ನಮ್ಮ ಹಾಗೆಯೇ ಆಗಿನ ಮದ್ರಾಸ್ ಪ್ರಾಂತ್ಯದವರು.

ಮುಂಚೂಣಿಯಲ್ಲಿ ಬಂದೂಕು ಹಿಡಿದವನ ಹೊಟ್ಟೆಗೆ ಅನ್ನ ಹಾಕಿದವರು ಇವರು. ಊರಿಗೆ ಬಂದು ಹೇಳಿಕೊಳ್ಳಲು ದೊಡ್ಡ ಕಾಳಗದ ಕಥೆ ಇಲ್ಲ ಅಂತ ಎಷ್ಟೋ ಜನ ಸುಮ್ನೆ ಇದ್ದುಬಿಟ್ಟರು. ನನಗೆ ಇದು ತುಂಬಾ ಬೇಸರದ ವಿಷಯ.

ಮೆಡಲ್ ಬಗ್ಗೆ. ಆ ಯುದ್ಧದ ಮೊದಲ ಎರಡು ಸ್ಟಾರ್ ಪದಕಗಳನ್ನು ಘೋಷಿಸಿದ್ದೇ 1943ರ ಜುಲೈಯಲ್ಲಿ. ಬರ್ಮಾ ಸ್ಟಾರ್ ಬಂದದ್ದು 1945ರಲ್ಲಿ. ಹಾಗಾಗಿ 1943ರ ಫೋಟೋದಲ್ಲಿ ಎದೆ ಖಾಲಿ ಇದ್ದರೆ ಏನೂ ಅರ್ಥವಿಲ್ಲ.

ಬರ್ಮಾ ಕಥೆಯನ್ನೂ ಬಿಸಾಡಬೇಡಿ ಮೇಡಂ. ಇರಾಕಿನಲ್ಲಿದ್ದವರನ್ನು ಆಮೇಲೆ ಬೇರೆ ಕಡೆ ಕಳಿಸಿದ್ದುಂಟು. ಮನೆಯಲ್ಲಿ ಡಿಸ್ಚಾರ್ಜ್ ಕಾಗದ ಇದ್ದರೆ ಎಲ್ಲೆಲ್ಲಿ ಇದ್ದರು ಅಂತ ಅದರಲ್ಲಿ ಸಿಗುತ್ತದೆ. ಪೆಟ್ಟಿಗೆಯ ತಳದ ಕಾಗದ ಎತ್ತಿ ನೋಡಿ. ಆಗಿನವರು ತುಂಬಾ ಬೇಕಾದದ್ದನ್ನು ಅಲ್ಲಿಯೇ ಇಡುತ್ತಿದ್ದರು.

ಕಾರ್ಕಳ ಅತ್ತಿಗೆ

ನಾನು ಯುದ್ಧದ ವಿಷಯ ತಿಳಿದವಳಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ನಿಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ, ಕುಟುಂಬವಾ? ಪೆಟ್ಟಿಗೆ ಸಿಕ್ಕಿದ್ದು ಅಜ್ಜಿಯ ಕುಟುಂಬದ ಮನೆಯಲ್ಲಾ, ಅಜ್ಜನ ಮನೆಯಲ್ಲಾ?

ಯಾಕೆ ಕೇಳಿದೆ ಅಂದರೆ, ಅಳಿಯಕಟ್ಟಿನಲ್ಲಿ ಗಂಡಸು ದುಡಿದದ್ದು, ಅವನ ಕಾಗದ ಪತ್ರ, ಪೆಟ್ಟಿಗೆ ಎಲ್ಲ ಬಂದು ಸೇರುವುದು ಅವನ ತಾಯಿಯ ಮನೆಗೆ, ಅಕ್ಕ ತಂಗಿಯರ ಹತ್ತಿರ. ಹೆಂಡತಿಯ ಮನೆಗಲ್ಲ. ನಿಮ್ಮ ಅಜ್ಜ ಆ ಮನೆಗೆ ಮದುವೆಯಾಗಿ ಬಂದ ಸಂಬಂಧ. ಅವರ ಮಿಲಿಟ್ರಿ ಫೋಟೋ ಆ ಅಟ್ಟದಲ್ಲಿ, ಗೇಣಿ ಚೀಟಿಗಳ ಜೊತೆ ಯಾಕೆ ಇರುತ್ತದೆ? ನನಗೆ ಅನಿಸುವುದು, ಇದು ಅಜ್ಜಿಯ ಅಣ್ಣನೋ ತಮ್ಮನೋ, ಇಲ್ಲದಿದ್ದರೆ ಅಜ್ಜಿಯ ಸೋದರಮಾವನೋ ಆಗಿರಬೇಕು.

ಮೊಮ್ಮಕ್ಕಳು ‘ಅಜ್ಜ’ ಅಂತ ಎಲ್ಲರನ್ನೂ ಕರೆಯುತ್ತಾರೆ. ಎರಡು ತಲೆಮಾರು ಕಳೆದರೆ ಯಾವ ಅಜ್ಜ ಅಂತ ಬೆರೆತು ಹೋಗುತ್ತದೆ. ನಿಮ್ಮ ಅಜ್ಜ ಹುಟ್ಟಿದ ವರ್ಷ ಎಲ್ಲಾದರೂ ಬರೆದದ್ದು ಸಿಗುತ್ತದಾ ನೋಡಿ.

ಕಾಪು ಕಡಲು

ಅತ್ತಿಗೆ, ನಿಮ್ಮ ಮಾತು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಹೌದು, ನಮ್ಮದು ಅಳಿಯಕಟ್ಟು. ಪೆಟ್ಟಿಗೆ ಇದ್ದದ್ದು ಅಜ್ಜಿಯ ಕುಟುಂಬದ ಮನೆಯಲ್ಲಿ.

ಅಜ್ಜನ ಎಸ್ಸೆಸ್ಸೆಲ್ಸಿ ಪುಸ್ತಕ ಮಾವನ ಹತ್ತಿರ ಇತ್ತು. ಹುಟ್ಟಿದ ವರ್ಷ 1929. ಅಂದರೆ 1943ರಲ್ಲಿ ಅವರಿಗೆ ಹದಿನಾಲ್ಕು ವರ್ಷ. ಫೋಟೋದಲ್ಲಿ ಇರುವ ಮೂವರೂ ದೊಡ್ಡವರು. ಅಜ್ಜ ಇವರಲ್ಲಿ ಯಾರೂ ಆಗಲು ಸಾಧ್ಯವಿಲ್ಲ.

ಅಜ್ಜಿಯ ತಂಗಿ ಮುಲ್ಕಿಯಲ್ಲಿದ್ದಾರೆ. ನಾವು ಚಿಕ್ಕಜ್ಜಿ ಅನ್ನುತ್ತೇವೆ. ತೊಂಬತ್ತು ದಾಟಿದೆ, ಕಣ್ಣು ಮಂಜು, ಮಾತು ಮಾತ್ರ ಸ್ಪಷ್ಟ. ಸ್ಕ್ಯಾನ್ ಮಾಡಿದ್ದನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಹೋದೆ. ನಾನು ಹೆಸರು ಯಾವುದನ್ನೂ ಹೇಳಲಿಲ್ಲ. ಇದು ಯಾರು ಅಂತ ಮಾತ್ರ ಕೇಳಿದೆ. ಅವರು ಮುಖ ನೋಡಲೇ ಇಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಲಕ್ಕೆ ನಿಂತವರ ಕೈ ಹುಡುಕಿದರು. ಆ ಕೈ ಕುರ್ಚಿಯ ಬೆನ್ನಿನ ಮೇಲಿದೆ. ನಾಲ್ಕು ಬೆರಳು ನೆಟ್ಟಗೆ ಉಂಟು, ಕಿರುಬೆರಳು ಮಾತ್ರ ಒಳಗೆ ಬಾಗಿದೆ. ಇಷ್ಟು ಸಲ ಫೋಟೋ ನೋಡಿದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ‘ಅಣ್ಣ’ ಅಂದರು. ಚಿಕ್ಕವನಿದ್ದಾಗ ಬಾವಿಕಟ್ಟೆಯಲ್ಲಿ ಬಿದ್ದು ಮುರಿದದ್ದು, ಸರಿಯಾಗಿ ಕೂಡಲಿಲ್ಲ ಅಂತೆ.

ಆಮೇಲೆ ಒಂದೊಂದೇ ಬಂತು. ಅಣ್ಣನ ಮನಿಯಾರ್ಡರ್ ಬಂದ ದಿನ ತಾಯಿ ಪೋಸ್ಟ್‌ಮ್ಯಾನ್‌ಗೆ ಬೆಲ್ಲ ನೀರು ಕೊಡುತ್ತಿದ್ದದ್ದು. ರಜೆಯಲ್ಲಿ ಬಂದಾಗ ತಂದ ಖರ್ಜೂರ ಎಲ್ಲರ ಮನೆಗೂ ಹಂಚಿದ್ದು. ಅವರು ಮದುವೆಯಾಗಲಿಲ್ಲ. ಯುದ್ಧ ಮುಗಿದು ಬಂದ ಮೇಲೆ ಬೊಂಬಾಯಿಯಲ್ಲಿ ಲಾರಿ ಕಂಪನಿಯಲ್ಲಿದ್ದು, ಅಲ್ಲಿಯೇ ತೀರಿಹೋದರು. ಮಕ್ಕಳಿಲ್ಲದವರಾದ್ದರಿಂದ ಅವರ ಮಾತು ಎತ್ತುವವರೇ ಇರಲಿಲ್ಲ.

ಕುಳಿತ ಹವಾಲ್ದಾರರು ಯಾರು ಅಂತ ಚಿಕ್ಕಜ್ಜಿಗೆ ಗೊತ್ತಿಲ್ಲ. ಅಣ್ಣನ ಜೊತೆ ಕುಂದಾಪುರದ ಕಡೆಯವರೊಬ್ಬರು ಇದ್ದರು ಅಂತ ಮಾತ್ರ ನೆನಪು. ಪೆಟ್ಟಿಗೆಯ ತಳದಲ್ಲಿ ಡಿಸ್ಚಾರ್ಜ್ ಕಾಗದ ಸಿಗಲಿಲ್ಲ ಸರ್.

ಕಾರ್ಕಳ ಅತ್ತಿಗೆ

ಓದುವಾಗ ಕಣ್ಣು ತುಂಬಿ ಬಂತು. ಹೆಸರು ಹೇಳಿಕೊಡದೆ ಕೇಳಿದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ನಾವೇ ಮೊದಲು ಹೆಸರು ಹೇಳಿದರೆ ಹಿರಿಯರು ಹೌದು ಹೌದು ಅಂದುಬಿಡುತ್ತಾರೆ. ಚಿಕ್ಕಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಈ ವಾರವೇ.

ಮೂಡಬಿದಿರೆ ಸುಬೇದಾರ್

ಮೇಡಂ, ಮುಂದಿನ ಕೆಲಸ ಹೀಗೆ. ನಮ್ಮ ಕೋರ್‌ನ ದಕ್ಷಿಣದ ದಾಖಲೆ ಕಚೇರಿ ಬೆಂಗಳೂರಿನಲ್ಲಿ ಉಂಟು, ಎಎಸ್‌ಸಿ ರೆಕಾರ್ಡ್ಸ್ (ಸೌತ್). ಅಲ್ಲಿಗೆ ಪತ್ರ ಬರೆಯಿರಿ. ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆ ಹೆಸರು, ಗ್ರಾಮ ಎಲ್ಲ ಹಾಕಿ. ಜಿಲ್ಲೆ ಉಡುಪಿ ಅಂತ ಮಾತ್ರ ಬರೆದರೆ ಸಾಲದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅವರ ಕಾಗದದಲ್ಲಿ ಇರುವುದು ‘ಸೌತ್ ಕೆನರಾ, ಮದ್ರಾಸ್’. ಅದನ್ನೂ ಬರೆಯಿರಿ. ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದರೆ ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ. ಹಳೇ ಮನಿಯಾರ್ಡರ್ ರಸೀದಿ ಸಿಕ್ಕಿದರೆ ಬಿಡಬೇಡಿ, ಅದರಲ್ಲಿ ಸೈನ್ಯದ ನಂಬರ್ ಇರುವ ಸಾಧ್ಯತೆ ಉಂಟು. ನಂಬರ್ ಇಲ್ಲದೆ ಹುಡುಕುವುದು ಬಹಳ ಕಷ್ಟ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ. ಅಲ್ಲಿರುವುದು ತೀರಿಹೋದವರ ಹೆಸರು. ಇವರು ಬದುಕಿ ಬಂದವರು.

ಹಂಪನಕಟ್ಟೆ ಡಾರ್ಕ್‌ರೂಮ್

ಫ್ರೇಮ್ ಬಗ್ಗೆ. ಮೂಲವನ್ನು ಗೋಡೆಗೆ ಹಾಕಬೇಡಿ. ಒಳ್ಳೆಯ ಪ್ರಿಂಟ್ ತೆಗೆಸಿ ಅದನ್ನು ಹಾಕಿ. ಲ್ಯಾಮಿನೇಶನ್ ಖಂಡಿತ ಬೇಡ, ಸೆಲ್ಲೋಟೇಪ್ ಬೇಡ. ಮೂಲದ ಹಿಂದೆ ಏನಾದರೂ ಬರೆಯುವುದಾದರೆ ಮೆತ್ತಗಿನ ಪೆನ್ಸಿಲಿನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಆಸಿಡ್ ಇಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ, ಸ್ಟೀಲ್ ಕಪಾಟಿನ ನಡುವಿನ ಅಂತಸ್ತಿನಲ್ಲಿ ಇಡಿ. ಅಟ್ಟಕ್ಕೆ ವಾಪಸ್ ಹೋಗದಿರಲಿ.

ಕಾಪು ಕಡಲು

ಎಲ್ಲರಿಗೂ ಮನಸಾರೆ ಧನ್ಯವಾದ. ಫ್ರೇಮಿನ ಕೆಳಗೆ ಹೀಗೆ ಬರೆಸುತ್ತಿದ್ದೇನೆ: ‘ಬಸ್ರಾ, ಇರಾಕ್, 1943. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಬಲಕ್ಕೆ ನಿಂತವರು ನಮ್ಮ ಅಜ್ಜಿಯ ಅಣ್ಣ, ನಾಯಕ್.’ ಕೆಳಗೆ ಅವರ ಹೆಸರು. ಉಳಿದ ಇಬ್ಬರ ಜಾಗ ಖಾಲಿ ಬಿಡುತ್ತೇನೆ. ಅಜ್ಜನ ಹೆಸರಿಲ್ಲ ಅಂತ ಮಾವನಿಗೆ ಸ್ವಲ್ಪ ಬೇಸರ. ಅಜ್ಜನ ಮದುವೆ ಫೋಟೋ ಪಕ್ಕದಲ್ಲೇ ಹಾಕೋಣ ಅಂದೆ, ಒಪ್ಪಿದರು.

ಕುಂದಾಪುರ, ಬೈಂದೂರು ಕಡೆಯವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮೂವರು ಒಟ್ಟಿಗೆ ತೆಗೆಸಿದ ಫೋಟೋ ಅಂದಮೇಲೆ ಪ್ರತಿ ಮೂರಾದರೂ ಆಗಿರಬೇಕು. ನಿಮ್ಮ ಮನೆಯಲ್ಲಿ ಕಂಬ, ಮೆಟ್ಟಿಲು, ಖರ್ಜೂರದ ಮರದ ಪರದೆ ಇರುವ ಫೋಟೋ ಇದ್ದರೆ ದಯವಿಟ್ಟು ತಿಳಿಸಿ.

ಕೋಟೇಶ್ವರ

ನಮ್ಮ ಮನೆಯಲ್ಲಿ ಇಲ್ಲ. ಆದರೆ ಬೀಜಾಡಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಚಾವಡಿಯಲ್ಲಿ ಮಿಲಿಟ್ರಿಯವರ ಫೋಟೋ ಒಂದು ಉಂಟು, ಗಾಜಿಗೆ ಅಂಟಿಕೊಂಡಿದೆ. ಪರದೆ ಹೇಗಿತ್ತು ಅಂತ ನೆನಪಿಲ್ಲ. ಭಾನುವಾರ ಹೋಗುವವನಿದ್ದೇನೆ. ಗಾಜು ತೆಗೆಯುವುದಿಲ್ಲ, ಮೇಲಿಂದಲೇ ಚಿತ್ರ ತೆಗೆದು ಇಲ್ಲಿ ಹಾಕುತ್ತೇನೆ.